ಮಹಡಿಯಿಂದ ಶುಭೋದಯ

ಕುಸುಮಾ ಮಿಕ್ಸಿ ಜಾರು ಉಜ್ಜುತ್ತಿದ್ದಳು. ಬೆಳಿಗ್ಗೆ ರುಬ್ಬಿದ್ದ ಕಾಯಿಚಟ್ನಿ ಬ್ಲೇಡಿನ ಕೆಳಗೆ ಒಣಗಿ ಹಿಡಿದುಕೊಂಡಿತ್ತು. ಬೆರಳು ಹೋಗದ ಸಂದಿಗೆ ಹಳೆಯ ಬ್ರಷ್ ಹಾಕಿ ತಿಕ್ಕಿದಳು, ನೀರು ಹುಯ್ದು ಕುಲುಕಿದಳು, ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ತಿಕ್ಕಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸರಲ್ಲಿ ಯಾರೂ ಅವಳನ್ನು ತಡೆಯಲಿಲ್ಲ. ನಲ್ಲಿಯ ನೀರು ಬೀಳುವ ಸದ್ದು, ಹೊರಗೆ ಶಾಮಿಯಾನದವರು ಕಬ್ಬಿಣದ ಕಂಬ ಇಳಿಸುವ ಸದ್ದು, ಅಷ್ಟೇ.

ಜಾರನ್ನು ಬೋರಲು ಹಾಕಿದ ಮೇಲೆ ಒದ್ದೆ ಕೈಯನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಾಗೇ ಮುಂದೆ ಚಾಚಿಕೊಂಡು ನಿಂತಳು.

"ಸಾವಿನ ಮನೇಲಿ ಪಾತ್ರೆ ತೊಳೀತಾ ನಿಂತಿದೀಯಲ್ಲೇ" ಎಂದು ಪಾಪಮ್ಮ ಹೆಂಗಸರನ್ನು ಸರಿಸಿಕೊಂಡು ಒಳಗೆ ಬಂದಳು. ಅವಳು ಕುಸುಮಳ ಗಂಡ ಭೈರೇಶನ ಅಕ್ಕ. ಸುಂಕದಕಟ್ಟೆಯಿಂದ ಆಟೋದಲ್ಲಿ ದಾರಿಯುದ್ದಕ್ಕೂ ಅತ್ತು ಬಂದಿದ್ದ ಅವಳ ದನಿ ಆಗಲೇ ಒಡೆದಿತ್ತು. "ಬಾ, ಅವನ ಹತ್ರ ಬಂದು ಕೂತ್ಕೋ. ಇನ್ನೆಷ್ಟು ಹೊತ್ತು ಇರ್ತಾನೆ."

ನಡುಮನೆಯಲ್ಲಿ ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆಯೊಳಗೆ ಭೈರೇಶ ಮಲಗಿದ್ದ. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿದ್ದರಿಂದ ಹಲ್ಲುನೋವು ಬಂದವನ ಹಾಗೆ ಕಾಣುತ್ತಿದ್ದ. ಬೆಳಿಗ್ಗೆ ಕಾಫಿ ಕುಡಿದು ಲೋಟವನ್ನು ತಾನೇ ತೊಳೆದಿಟ್ಟು ಮಹಡಿಗೆ ಹೋದವನು. ಮಾರೇನಹಳ್ಳಿಯ ಆ ಸಣ್ಣ ಬೀದಿಯಲ್ಲಿ ಯಾರಿಗೂ ಇನ್ನೂ ನಂಬಿಕೆ ಬಂದಿರಲಿಲ್ಲ. ಬಂದವರು ಪೆಟ್ಟಿಗೆಯೊಳಗೆ ಇಣುಕಿ, ಬೇರೆ ಯಾರೋ ಇರಬೇಕು ಎಂಬಂತೆ ಇನ್ನೊಂದು ಸಲ ಇಣುಕುತ್ತಿದ್ದರು.

"ನಿನ್ನೆ ಸಂಜೆ ನನ್ ಜೊತೆ ಹೂವಿನ ಅಂಗಡಿ ತಂಕ ನಡ್ಕೊಂಡ್ ಬಂದ್ರಲ್ಲಪ್ಪ" ಎಂದ ಪಕ್ಕದ ಮನೆಯವನು. "ಬಾಳೆಹಣ್ಣು ತಗೊಂಡ್ರು. ಯಾಕ್ ಸಾರ್, ಮನೇಲಿ ಪೂಜೆನಾ ಅಂದೆ. ಇಲ್ಲಾ ಗಿಣಿಗೆ ಅಂದ್ರು."

"ಡಾಕ್ಟ್ರು ಏನಂದ್ರೋ?" ಪಾಪಮ್ಮ ತಮ್ಮನನ್ನು ಕೇಳಿದಳು. ಹನುಮಂತಯ್ಯ ಅವಳಿಗೆ ತಮ್ಮ, ಭೈರೇಶನಿಗೆ ಅಣ್ಣ. ಪಕ್ಕದ ಬೀದಿಯಲ್ಲೇ ಅವನ ಮನೆ.

"ಹಾರ್ಟು ಅಂದ್ರು. ನಾವು ಕರ್ಕೊಂಡ್ ಹೋಗೋ ಹೊತ್ಗೆ ಮುಗಿದಿತ್ತು." ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. "ಇನ್ನೊಂದ್ ಸ್ವಲ್ಪ ಮುಂಚೆ ಬಂದಿದ್ರೆ ಏನಾದ್ರೂ ಮಾಡ್ಬೋದಿತ್ತು ಅಂದ್ರು."

ನಡುಮನೆಯ ಕಣ್ಣುಗಳೆಲ್ಲ ಒಂದೊಂದಾಗಿ ಕುಸುಮಳ ಕಡೆ ತಿರುಗಿದವು.

"ನೀನು ಮನೇಲೇ ಇದ್ದೆಯಲ್ಲೇ" ಎಂದಳು ಪಾಪಮ್ಮ. "ಮಹಡಿ ಏನು ಮೈಸೂರಲ್ಲಿತ್ತಾ? ಒಂದ್ಸಲನಾದ್ರೂ ಕೂಗಿರಲ್ವಾ ಅವನು?"

"ಕೂಗ್ಲಿಲ್ಲ ಅಕ್ಕ."

"ಮಿಕ್ಸಿ ಹಾಕಿದ್ದೆ ಅಂತ ನೀನೇ ಅಂದ್ಯಲ್ಲ."

"ಒಂದು ಚಟ್ನಿ ಎಷ್ಟೊತ್ತು ರುಬ್ತಾರೆ ಅಕ್ಕ? ಆಮೇಲೆ ಮನೆ ಸುಮ್ನೇ ಇತ್ತು. ಕೂಗಿದ್ರೆ ಕೇಳಿಸ್ತಿತ್ತು." ಕುಸುಮಾ ಮಗಳ ಕಡೆ ತಿರುಗಿದಳು. "ಅಲ್ವಾ ಸ್ಪಂದು? ಕೂಗಿದ್ರೆ ಕೇಳಿಸ್ತಿತ್ತು ಅಲ್ವಾ?"

ಬೆಳಿಗ್ಗೆ ಆ ಹೊತ್ತಿನಲ್ಲಿ ಸ್ಪಂದನ ರಾಜರಾಜೇಶ್ವರಿನಗರದ ತನ್ನ ಫ್ಲ್ಯಾಟಿನಲ್ಲಿ ಗಂಡನ ಡಬ್ಬಿ ಕಟ್ಟುತ್ತಿದ್ದಳು. ಕೇಳಿಸುತ್ತಿತ್ತೋ ಇಲ್ಲವೋ ಅವಳಿಗೆ ಹೇಗೆ ಗೊತ್ತು?

"ಹೂಂ ಅಮ್ಮ" ಎಂದಳು.

*

ಪೀಣ್ಯದ ಕಾರ್ಖಾನೆ ಮುಚ್ಚಿದ ಮೇಲೆ ಭೈರೇಶ ಮಾತು ಬಿಟ್ಟಿದ್ದ. ಅಲ್ಲಿ ಅವನು ಸ್ಟೋರ್ ಕೀಪರ್. ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಮತ್ತೆ ತೆಗೆಯಲೇ ಇಲ್ಲ. ಮೇಲಿನ ಎರಡು ಬಾಡಿಗೆ ಮನೆಗಳಿಂದ ಊಟಕ್ಕೇನೂ ತೊಂದರೆ ಇರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಪ್ಯಾಂಟು ಶರಟು ಹಾಕಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸಂಜೆಯವರೆಗೂ ಕೂತಿರುತ್ತಿದ್ದ. ತಿಂಡಿ ಕೊಟ್ಟರೆ ತಿನ್ನುವನು. ಕೇಳಿದ್ದಕ್ಕೆ "ಹೂಂ" ಅನ್ನುವನು. ಕುಸುಮಳಿಗೆ ಭಯವಾಗುತ್ತಿತ್ತು. ಅವನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಕಿವಿಗೊಡುತ್ತಿದ್ದಳು.

ಒಂದು ದಿನ ಅವನು ಕಿಟಕಿಯಿಂದ "ಕುಸುಮಾ, ಇಲ್ಬಾ, ಮೆತ್ಗೆ ಬಾ" ಎಂದು ಕರೆದ. ದಾಸವಾಳದ ಗಿಡದಲ್ಲಿ ಹೆಬ್ಬೆರಳಷ್ಟು ಪುಟ್ಟ ಹಕ್ಕಿಯೊಂದು ಹೂವಿನೊಳಗೆ ಕೊಕ್ಕು ತೂರಿಸಿ ನೇತಾಡುತ್ತಿತ್ತು. ಬಿಸಿಲು ಬಿದ್ದ ಕಡೆ ಅದರ ಕತ್ತು ನೇರಳೆ ಆಗುತ್ತಿತ್ತು.

"ಸೂರಕ್ಕಿ" ಎಂದಳು ಕುಸುಮಾ.

"ಇಷ್ಟು ವರ್ಷ ಎಲ್ಲಿತ್ತೇ ಇದು?"

"ಇಲ್ಲೇ ಇತ್ತು. ನೀವು ಪೀಣ್ಯದಲ್ಲಿದ್ರಿ."

ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ಅವನ ನಗು ಕೇಳಿ ಕುಸುಮಾ ಒಳಗೆ ಹೋಗಿ ಸಾಸಿವೆ ಡಬ್ಬಿ ಹುಡುಕುವ ನೆಪದಲ್ಲಿ ಅತ್ತಳು.

ಆನ್‌ಲೈನ್ ಕ್ಲಾಸಿಗೆಂದು ಕೊಡಿಸಿದ್ದ ಸ್ಪಂದನಳ ಹಳೆಯ ಫೋನು ಅವನ ಕೈಗೆ ಬಂತು. ಮಹಡಿಯ ಮೇಲೆ ತಟ್ಟೆಯಲ್ಲಿ ನೀರು, ಇನ್ನೊಂದು ತಟ್ಟೆಯಲ್ಲಿ ನವಣೆ. ಪಕ್ಕದ ಖಾಲಿ ಸೈಟಿನ ಹೊಂಗೆಮರದ ಒಂದು ಕೊಂಬೆ ಗೋಡೆ ದಾಟಿ ಇವರ ಮಹಡಿಗೆ ಬಂದಿತ್ತು. ಶಿವರಾತ್ರಿ ಕಳೆದರೆ ಅದರಲ್ಲಿ ಎಳೆಯ ಹಸಿರು ಚಿಗುರು, ಆಮೇಲೆ ಗೊಂಚಲು ಗೊಂಚಲು ಹೂವು. ಆ ದಿನಗಳಲ್ಲಿ ಅವನಿಗೆ ತಿಂಡಿಯ ನೆನಪೂ ಇರುತ್ತಿರಲಿಲ್ಲ. ಸಿಂಟೆಕ್ಸ್ ಟ್ಯಾಂಕಿಗೆ ಒರಗಿ ಕೂತು, ಉಸಿರು ಬಿಗಿಹಿಡಿದು ಫೋಟೋ ತೆಗೆಯುವನು. ಎಷ್ಟು ಬಿಗಿಹಿಡಿದರೂ ಅವನು ಒತ್ತುವಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು.

"ಕೊಂಬೆ ಬಹಳ ಚೆನ್ನಾಗಿ ಬಂದಿದೆ" ಅನ್ನುತ್ತಿದ್ದಳು ಕುಸುಮಾ.

*

ಶಾಮಿಯಾನದ ಕೆಳಗೆ ಕುರ್ಚಿಗಳು ತುಂಬುತ್ತಿದ್ದವು. ಗೇಟಿನ ಮುಂದೆ ಸೌದೆಗೆ ಬೆಂಕಿ ಹಾಕಿದ್ದರು. ಹನುಮಂತಯ್ಯನ ಮಗ ದರ್ಶನ್ ಫೋನನ್ನು ಕಿವಿಗೆ ಒತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ.

"ಹೂಂ ಮಚ್ಚಾ, ದೊಡ್ಡ ಫ್ಲೆಕ್ಸೇ. ಬೀದಿ ತುದೀಲಿ ಕಟ್ಟೋದು. ಫೋಟೋ ಈಗ ಕಳಿಸ್ತೀನಿ, ಒಂದೈದ್ ನಿಮಿಷ ತಡಿ." ಅವನು ಸ್ಪಂದನಳ ಹತ್ತಿರ ಬಂದ. "ಸ್ಪಂದು, ಚಿಕ್ಕಪ್ಪನ ಒಂದು ಒಳ್ಳೇ ಫೋಟೋ ಕೊಡೇ. ನನ್ನ ಹತ್ರ ಇರೋದ್ರಲ್ಲಿ ಬರೀ ಹಕ್ಕಿ ಬಾಲ."

"ಅಪ್ಪನ ಫೋನಲ್ಲಿ?"

"ಚಾರ್ಜ್ ಇಲ್ಲ, ಆಫ್ ಆಗಿದೆ. ನಮ್ಮಪ್ಪ ಒಳಗೆ ಚಾರ್ಜಿಗೆ ಹಾಕಿದಾರೆ. ಅದರಲ್ಲೂ ಹಕ್ಕಿನೇ ಇರುತ್ತೆ ಬಿಡು."

ಮೆಟ್ಟಿಲ ಕೆಳಗೆ ವೀರೇಶ ಒಬ್ಬನೇ ನಿಂತಿದ್ದ. ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ ಅವನು ಬೈಕಿನಲ್ಲಿ ಊಟ ಸಾಮಾನು ತಲುಪಿಸುವ ಕೆಲಸದವನು. ಇಳಕಲ್ ಕಡೆಯವನು. ರಾತ್ರಿಯ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದಿದ್ದ. ಬೆಳಿಗ್ಗೆ ಭೈರೇಶನನ್ನು ಮೊದಲು ಕಂಡವನು ಅವನೇ. ಬಂದವರೆಲ್ಲ ಅವನನ್ನೇ ಕೇಳುತ್ತಿದ್ದರು. ಪ್ರತಿ ಸಲ ಹೇಳುವಾಗಲೂ ಅವನ ದನಿ ಇನ್ನಷ್ಟು ಇಳಿಯುತ್ತಿತ್ತು.

ಸ್ಪಂದನಳೂ ಕೇಳಿದಳು. "ಅಣ್ಣ, ಅಪ್ಪ ಹೆಂಗಿದ್ರು?"

ವೀರೇಶ ಅವಳ ಮುಖ ನೋಡಲಿಲ್ಲ. "ನಾ ಗಾಡಿ ಹಚ್ಚಿ ಮ್ಯಾಲ ಬಂದ್ನಿರಿ ಅಕ್ಕಾರ. ಕಾಕಾರು ಟ್ಯಾಂಕಿಗೆ ಬೆನ್ನು ಕೊಟ್ಟು ಕುಂತಿದ್ರು. ಕೈಯಾಗ ಫೋನ್ ಇತ್ತು. ಮಾರಿ ಗಿಡದ ಕಡೆ."

"ಮಾತಾಡಿಸ್ಲಿಲ್ವಾ?"

"ಅವರು ಹಕ್ಕಿ ನೋಡುಮುಂದ ಮಾತಾಡಬಾರದಲ್ರಿ. ಹಾರಿ ಹೋಗ್ತಾವ ಅಂತ ಬೈತಿದ್ರು. ಅದಕ್ಕ ನಾ ಬೂಟು ಕೈಯಾಗ ಹಿಡಕೊಂಡು, ಸಪ್ಪಳ ಮಾಡದಂಗ ಅವರ ಹಿಂದಿಂದ ಹಾದು ಖೋಲಿಗೆ ಹೋದ್ನಿ." ಅವನು ಮೆಟ್ಟಿಲ ಕಡೆ ತಿರುಗಿದ. "ಜಳಕಾ ಮಾಡಿ ಹೊರಗ ಬಂದ್ ನೋಡ್ತೀನಿ, ಹಂಗ ಕುಂತಾರ. ಗಿಡದಾಗ ಹಕ್ಕೀನೂ ಇದ್ದಿಲ್ಲ."

ಸ್ಪಂದನ ಮೆಟ್ಟಿಲ ಕಂಬಿ ಹಿಡಿದುಕೊಂಡಳು.

"ನಾ ಒಮ್ಮೆ ಕಾಕಾ ಅಂತ ಕರದಿದ್ರ..." ಎಂದ ವೀರೇಶ.

*

'ನಮ್ಮ ಮನೆತನ' ಎಂಬ ವಾಟ್ಸಾಪ್ ಗುಂಪನ್ನು ಮಾಡಿದ್ದು ದರ್ಶನ್. ಮದುವೆ ನಾಮಕರಣಗಳ ವಿಷಯ ತಿಳಿಸಲೆಂದು ಮಾಡಿದ್ದು ಬರಬರುತ್ತಾ ಭೈರೇಶನದೇ ಆಗಿಹೋಗಿತ್ತು. ದಿನಾ ಬೆಳಿಗ್ಗೆ ಮಹಡಿಯಿಂದ ಒಂದು ಹೂವಿನ ಫೋಟೋ ಅಥವಾ ಹಕ್ಕಿ ಬಿಟ್ಟುಹೋದ ಕೊಂಬೆ, ಕೆಳಗೆ 'ಶುಭೋದಯ'. ಫೋಟೋಕ್ಕೆ ಸಿಗದ ಹಕ್ಕಿಯ ಕೂಗನ್ನಾದರೂ ಹಿಡಿಯೋಣವೆಂದು ಆಮೇಲೆ ಧ್ವನಿ ಮುದ್ರಿಸಿ ಕಳಿಸತೊಡಗಿದ. ಬೆರಳಿನಿಂದ ಮೈಕಿನ ಗುರುತು ಒತ್ತಿ ಹಿಡಿಯುವುದು, ಹಕ್ಕಿ ಸುಮ್ಮನಾದಾಗ ಬಿಡುವುದು. ಅಷ್ಟೇ, ಎಲ್ಲರಿಗೂ ಹೋಗುತ್ತಿತ್ತು.

ಕುಸುಮಾ ಸೇರಿದ ಮಾರನೇ ದಿನವೇ ಗುಂಪು ಬಿಟ್ಟಳು. "ಎದುರಿಗೇ ಇರೋ ಗಂಡ ಫೋನಲ್ಲೂ ಶುಭೋದಯ ಹೇಳ್ಬೇಕಾ?" ಎಂದಿದ್ದಳು.

ಹೋದ ಸಂಕ್ರಾಂತಿಗೆ ಎಲ್ಲರೂ ಇದೇ ನಡುಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಭೈರೇಶ ಎಲೆಯ ಮುಂದೆ ಕೂತು ಕೇಳಿದ್ದ. "ಮೊನ್ನೆ ಒಂದು ಹಕ್ಕಿ ಕೂಗು ಕಳ್ಸಿದ್ನಲ್ಲ, ಹೆಂಗಿತ್ತು?"

"ಬಹಳ ಇಂಪಾಗಿತ್ತಪ್ಪ" ಎಂದ ಹನುಮಂತಯ್ಯ.

"ಸೂಪರ್ ಮಾಮ" ಎಂದಳು ಪಾಪಮ್ಮನ ಮಗಳು ಹೇಮಶ್ರೀ.

"ಕೋಗಿಲೆ ಅಲ್ವೇನೋ ಭೈರ?" ಎಂದಳು ಪಾಪಮ್ಮ.

"ಕೋಗಿಲೆ ಅಲ್ಲಕ್ಕ. ನಮ್ಮನೆ ಕುಕ್ಕರ್. ಮೂರು ವಿಷಲ್ ಕೂಗ್ತು, ಕಳಿಸ್ದೆ."

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಹೇಮಶ್ರೀ ನಕ್ಕು ನೆತ್ತಿಗೇರಿ ಕೆಮ್ಮಿದಳು. ಸ್ಪಂದನಳೂ ನಕ್ಕಳು. ಆ ಕೂಗಿಗೆ ಅವಳೂ ಚಪ್ಪಾಳೆ ತಟ್ಟುವ ಗೊಂಬೆ ಕಳಿಸಿದ್ದಳು. ಭೈರೇಶ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. "ಕೇಳ್ದೆ ಇದ್ರೂ ಪರವಾಗಿಲ್ಲ, ನಾನು ಎದ್ದಿದೀನಿ ಅಂತ ನಿಮಗೆ ಗೊತ್ತಾಗುತ್ತಲ್ಲ, ಸಾಕು" ಎಂದಿದ್ದ.

ಮಾರನೇ ದಿನ ಅವನು ಮಡಿವಾಳ ಹಕ್ಕಿಯ ಕೂಗು ಕಳಿಸಿದ. ಅದಕ್ಕೂ ಎಲ್ಲರ ಕೈಮುಗಿದ ಗುರುತು ಬಂತು. ಅದನ್ನೂ ಯಾರೂ ಕೇಳಿರಲಿಲ್ಲ.

*

ನೀರು ಹುಯ್ಯುವ ಹೊತ್ತಾಯಿತು. ಗಂಡಸರು ಭೈರೇಶನನ್ನು ಪೆಟ್ಟಿಗೆಯಿಂದ ಎತ್ತಿ ಅಂಗಳದ ಮಣೆಯ ಮೇಲೆ ಕೂರಿಸಿ, ಬೀಳದಂತೆ ಇಬ್ಬರು ಹಿಡಿದುಕೊಂಡರು. ಸ್ನಾನವಾಗಿ, ಹೊಸ ಪಂಚೆ ಸುತ್ತಿ, ಚಟ್ಟದ ಮೇಲೆ ಮಲಗಿಸಿದ್ದಾಯಿತು. ತಮಟೆಯವರು ಬೆಂಕಿಗೆ ತಮಟೆ ಕಾಯಿಸಿ ಬಡಿಯತೊಡಗಿದರು. ಬಂಧುಗಳು ಒಬ್ಬೊಬ್ಬರಾಗಿ ಅವನ ಬಾಯಿಗೆ ಅಕ್ಕಿ ಕಾಳು ಹಾಕಿದರು.

ಚಟ್ಟದ ಪಕ್ಕ ಕೂತಿದ್ದ ಕುಸುಮಳ ತಲೆಗೆ ಮಲ್ಲಿಗೆ ಮುಡಿಸಲು ಪಾಪಮ್ಮ ಬಂದಳು. ಕೈ ಕುಸುಮಳ ಜಡೆಯಲ್ಲಿತ್ತು, ಮಾತು ನಿಂತಿರಲಿಲ್ಲ.

"ಒಂದು ಮಾತು ಕೂಗಿರ್ತಾನೆ ಕಣೇ ನನ್ ತಮ್ಮ. ಬಾಯಿ ಇದ್ದೋನು ಕೂಗ್ದೆ ಇರ್ತಾನಾ? ನೀರು ಅಂದಿರ್ತಾನೆ, ಕುಸುಮಾ ಅಂದಿರ್ತಾನೆ. ಕಿವಿ ಎಲ್ಲಿಟ್ಕೊಂಡಿದ್ಯೋ ಏನೋ."

ಕುಸುಮಾ ತಲೆ ಬಗ್ಗಿಸಿಕೊಂಡೇ ಇದ್ದಳು. "ಹಂಗಾದ್ರೆ ಕೂಗಿರ್ಬೇಕು" ಎಂದಳು. ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದ ಮಾತನ್ನು ಅವಳು ಅಲ್ಲಿ ಬಿಟ್ಟುಬಿಟ್ಟಳು. "ನಂಗೇ ಕೇಳಿಸ್ಲಿಲ್ಲ ಅನ್ಸುತ್ತೆ."

ಅಷ್ಟು ಹೊತ್ತೂ ಸ್ಪಂದನ ಗೋಡೆಗೆ ಒರಗಿ ಫೋನಿನಲ್ಲಿ ಅಪ್ಪನ ಮುಖ ಹುಡುಕುತ್ತಿದ್ದಳು. ಹೂವು, ಕೊಂಬೆ, ಹೂವು. ಒಂದರಲ್ಲಿ ಮಹಡಿಯ ನೆಲದ ಮೇಲೆ ಅವನ ನೆರಳಿತ್ತು, ಕೈ ಎತ್ತಿದ ನೆರಳು. ಅದನ್ನು ಫ್ಲೆಕ್ಸಿಗೆ ಕೊಡಲಾಗುವುದಿಲ್ಲ. ಅಮ್ಮನ ಮಾತು ಕಿವಿಗೆ ಬಿದ್ದು ಅವಳ ಬೆರಳು ನಿಂತಿತು. ಬೆಳಿಗ್ಗೆಯಿಂದ ಗುಂಪಿನಲ್ಲಿ ತುಂಬಿದ್ದ ಸಾವಿನ ಸುದ್ದಿ, ಎಷ್ಟು ಹೊತ್ತಿಗೆ ಎತ್ತುವುದು, ಯಾವ ಚಿತಾಗಾರ ಎಂಬ ಮಾತುಗಳನ್ನೆಲ್ಲ ದಾಟಿ ಅವಳು ಇವತ್ತಿನ ಮೊದಲ ಸಾಲಿಗೆ ಬಂದಳು.

ಇವತ್ತೂ ಅಪ್ಪ ಫೋಟೋ ಕಳಿಸಿದ್ದ. ಹೊಂಗೆಯ ಹೂಗೊಂಚಲು, ಬಿಸಿಲಿಗೆ ತಿಳಿ ನೇರಳೆ ಬಣ್ಣ. ಕೆಳಗೆ 'ಶುಭೋದಯ'. ಅದರ ಕೆಳಗೆ ಒಂದು ಧ್ವನಿ, ಪುಟ್ಟದು. ಅದರ ಕೆಳಗೆ ಎಲ್ಲರೂ ಇದ್ದರು. ಹನುಮಂತಯ್ಯನ ಕೈಮುಗಿದ ಗುರುತು. ಪಾಪಮ್ಮನ ಇಬ್ಬನಿ ಬಿದ್ದ ಗುಲಾಬಿ. ದರ್ಶನನ ಹೆಬ್ಬೆರಳು. 'ಸೂಪರ್ ಮಾಮ, ಯಾವ ಹಕ್ಕಿ ಇದು?' ಎಂದು ಹೇಮಶ್ರೀ. ಕೊನೆಯಲ್ಲಿ ಅವಳೇ ಕಳಿಸಿದ, ನಗುತ್ತಾ ಮೇಲೆ ಬರುವ ಸೂರ್ಯ. ಇನ್ನೂ ಕೇಳಿಲ್ಲ ಎಂದು ತೋರಿಸುವ ಹಸಿರು ಗುರುತು ಆ ಧ್ವನಿಯ ಪಕ್ಕದಲ್ಲಿ ಹಾಗೇ ಇತ್ತು.

ಅವಳಿಗೆ ಒಂದು ಧೈರ್ಯ ಬಂತು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಅಮ್ಮನ ಪಕ್ಕ ಕೂತಳು.

"ಅತ್ತೆ, ಅಮ್ಮನ್ನ ಏನೂ ಅನ್ಬೇಡಿ" ಎಂದಳು. ಅವಳು ಹಿರಿಯರೆದುರು ದನಿ ಎತ್ತಿದ್ದನ್ನು ಅಲ್ಲಿ ಯಾರೂ ಹಿಂದೆಂದೂ ಕೇಳಿರಲಿಲ್ಲ. "ಅಪ್ಪ ಚೆನ್ನಾಗೇ ಇದ್ರು. ನೋಡಿ, ಫೋಟೋ ಕಳ್ಸಿದಾರೆ, ಆಮೇಲೆ ಹಕ್ಕಿ ಕೂಗೂ ಕಳ್ಸಿದಾರೆ. ನೋವಿದ್ದೋರು ಕೂತ್ಕೊಂಡು ಹಕ್ಕಿ ಕೂಗು ರೆಕಾರ್ಡ್ ಮಾಡ್ತಾರಾ? ನಿದ್ದೆ ಬಂದಂಗೆ ಹೋಗಿರ್ತಾರೆ. ಯಾರನ್ನೂ ಕೂಗಿರಲ್ಲ."

ಪಾಪಮ್ಮ ಕಣ್ಣು ಕಿರಿದು ಮಾಡಿ ಫೋನಿನೊಳಗೆ ನೋಡಿದಳು. ತನ್ನ ಗುಲಾಬಿ ಕಂಡಿತು. "ಹೌದಲ್ವೇ" ಎಂದಳು. ಅವಳ ಕೈ ಕುಸುಮಳ ಜಡೆಯಿಂದ ಜಾರಿ ಬೆನ್ನಿನ ಮೇಲೆ ಬಂತು. "ನಂಗೂ ಬಂದಿತ್ತು."

"ನಂಗೂ ಬಂತು" ಎಂದ ಹನುಮಂತಯ್ಯ. "ದಿನಾ ಬರೋ ಹಂಗೇ ಬಂತು."

ಕುಸುಮಾ ತಲೆ ಎತ್ತಿದಳು. ಬೆಳಿಗ್ಗೆಯಿಂದ ಅವಳ ಮುಖದಲ್ಲಿ ಇಲ್ಲದ ಜೀವ ಸ್ವಲ್ಪ ಬಂದ ಹಾಗಿತ್ತು. "ಹಾಕು ಸ್ಪಂದು" ಎಂದಳು. "ಜೋರಾಗಿ ಹಾಕು. ಎಲ್ರೂ ಕೇಳ್ಲಿ."

"ಏಯ್, ತಮಟೆ ನಿಲ್ಸ್ರೋ ಸ್ವಲ್ಪ" ಎಂದು ಹನುಮಂತಯ್ಯ ಗೇಟಿನ ಹೊರಗಿನವರಿಗೆ ಕೈ ಮಾಡಿದ.

ತಮಟೆ ನಿಂತಿತು. ಬಾಗಿಲಲ್ಲಿದ್ದವರು ಅಂಗಳಕ್ಕೆ ಇಳಿದರು. ಹೇಮಶ್ರೀ ಅಳು ನುಂಗಿಕೊಂಡಳು. ಶಾಮಿಯಾನದಲ್ಲಿ ಕೂತಿದ್ದವರು ಕುರ್ಚಿಯಿಂದ ಎದ್ದು ಬಂದು ಚಟ್ಟದ ಸುತ್ತ ನಿಂತರು. ಭೈರೇಶ ಕಳಿಸಿದ ಹಕ್ಕಿಯ ಕೂಗಿಗೆ ಅವನ ಮನೆತನದವರೆಲ್ಲ ಮೊದಲ ಸಲ ಕಿವಿಗೊಟ್ಟು ನಿಂತರು.

ಸ್ಪಂದನ ಒತ್ತಿದಳು.

ಮೊದಲು ಉಸಿರು. ಮೆಟ್ಟಿಲು ಹತ್ತಿ ಬಂದವರದಂತೆ, ಎಳೆದು ಎಳೆದು ಬಿಡುವ ಉಸಿರು. ಆಮೇಲೆ ಭೈರೇಶನ ದನಿ, ಬಹಳ ಮೆಲ್ಲಗೆ, ಎಲ್ಲರಿಗೂ ತೊಂದರೆ ಕೊಡುತ್ತಿದ್ದೇನೆ ಎನ್ನುವ ಸಂಕೋಚದ ದನಿ.

"ಕೂಗೋಕ್ಕಾಗ್ತಿಲ್ಲ... ಯಾರಾದ್ರೂ ಕುಸುಮಂಗೆ ಒಂದು ಫೋನ್ ಮಾಡಿ... ಸ್ವಲ್ಪ ಮೇಲಕ್ಕೆ ಬರೋಕೆ ಹೇಳಿ."